ಬಾಯಿಮಾತಿನ ಕರಾರು

ನಿಟ್ಟೂರು
12-6-1954

ಅಕ್ಕನ ಪಾದಗಳಿಗೆ ಸುಬ್ಬುವಿನ ನಮಸ್ಕಾರ.

ನೀನು ಮದುವೆಯಾಗಿ ಕುಣಿಗಲ್ಲಿಗೆ ಹೊರಟು ಇವತ್ತಿಗೆ ಇಪ್ಪತ್ತಾರು ದಿನ. ಮನೆಯಲ್ಲಿ ಒಲೆ ಹಚ್ಚುವುದೇ ಅಪರೂಪ. ಅಪ್ಪ ಪೌರೋಹಿತ್ಯಕ್ಕೆ ಹೋದ ಕಡೆ ಊಟ ಮಾಡಿ, ನನಗೆ ಬಾಳೆಲೆಯಲ್ಲಿ ಕಟ್ಟಿಸಿಕೊಂಡು ಬರುತ್ತಾರೆ. ಯಾರ ಮನೆಯಲ್ಲಿ ತಿಥಿ, ಯಾರ ಮನೆಯಲ್ಲಿ ನಾಮಕರಣ ಎಂಬುದು ವಡೆ ಕಚ್ಚಿದ ಕೂಡಲೇ ನನಗೆ ಗೊತ್ತಾಗುತ್ತದೆ. ಅಮ್ಮ ಹೋದ ಮೇಲೆ ನೀನಿದ್ದೆ ಅಂತ ನಮಗೆ ತಿಳಿದಿರಲಿಲ್ಲ, ಈಗ ತಿಳಿಯುತ್ತಿದೆ.

ಎಸ್.ಎಸ್.ಎಲ್.ಸಿ. ಪಾಸಾಗಿದ್ದೇನೆ. ಗುಬ್ಬಿ ಹೈಸ್ಕೂಲಿಗೆ ಮೂರನೆಯವನು. ಮೂರು ದಿನ ಊರೆಲ್ಲ ಬೆನ್ನು ತಟ್ಟಿತು, ನಾಲ್ಕನೆಯ ದಿನದಿಂದ ‘ಮುಂದೇನೋ?’ ಅಂತ ಕೇಳಲು ಶುರುಮಾಡಿತು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಮುದ್ದಯ್ಯನಿಗೂ ನನಗೂ ತುಮಕೂರಿನಲ್ಲಿ ಮೇಷ್ಟ್ರ ಟ್ರೈನಿಂಗಿಗೆ ಆರ್ಡರ್ ಬಂದಿದೆ. ತಿಂಗಳಿಗೆ ಹದಿನೆಂಟು ರೂಪಾಯಿ ಸ್ಟೈಪೆಂಡು, ಮುಗಿದ ಮೇಲೆ ಯಾವುದಾದರೂ ಹಳ್ಳಿಯಲ್ಲಿ ಸ್ಕೂಲು. ಮುದ್ದಯ್ಯ ಆಗಲೇ ಕೋಟು ಹೊಲಿಸುತ್ತಿದ್ದಾನೆ. ನನಗೆ ಮನಸ್ಸಿರುವುದು ಕಾಲೇಜಿನ ಮೇಲೆ. ಆದರೆ ಫೀಜು, ಪುಸ್ತಕ, ರೂಮು, ಊಟ ಎಲ್ಲ ಸೇರಿ ವರ್ಷಕ್ಕೆ ಮುನ್ನೂರು ಬೇಕು. ಗುಬ್ಬಿಯ ಕೊಬ್ಬರಿ ಮಂಡಿ ಗುಂಡಯ್ಯನವರ ಹತ್ತಿರ ಮನೆ ಅಡವಿಟ್ಟು ಸಾಲ ತರುತ್ತೇನೆ ಅಂತ ಅಪ್ಪ ಹೊರಟಿದ್ದರು. ನಾನು ಬೇಡ ಅಂದೆ. ನಾನು ಓದಿ ಬರುವಷ್ಟರಲ್ಲಿ ಅಪ್ಪ ಯಾರ ಜಗಲಿಯ ಮೇಲೆ ಮಲಗಬೇಕು?

ಅಷ್ಟರಲ್ಲಿ ಭಾವನವರ ಕಾಗದ ಬಂತು. ‘ಸಾಲ ಬೇಡ, ಹುಡುಗನನ್ನು ನಾನು ಓದಿಸುತ್ತೇನೆ’ ಅಂತ. ಅಪ್ಪ ಅದನ್ನು ದೇವರ ಮುಂದಿಟ್ಟು ಕಣ್ಣೊರೆಸಿಕೊಂಡರು. ನನಗೆ ಮಾತ್ರ ಏನೋ ಇರುಸುಮುರುಸು. ವರದಕ್ಷಿಣೆ ಕೇಳಲಿಲ್ಲ, ಮದುವೆಯ ಖರ್ಚೂ ಅವರದೇ, ಈಗ ಇದೂ ಅವರದೇ. ಅಕ್ಕ, ಅವರು ನಿಜವಾಗಿ ಅಷ್ಟು ಒಳ್ಳೆಯವರಾ? ಟ್ರೈನಿಂಗಿಗೆ ಸೇರಲು ಇಪ್ಪತ್ತೈದನೇ ತಾರೀಖು ಕಡೆಯ ದಿನ. ನೀನು ಏನು ಹೇಳಿದರೆ ಅದು.

ನಿನ್ನ
ಸುಬ್ಬು

*

ಕುಣಿಗಲ್
17-6-1954

ಸುಬ್ಬುವಿಗೆ ಅಕ್ಕನ ಆಶೀರ್ವಾದ.

ಆ ಟ್ರೈನಿಂಗ್ ಆರ್ಡರನ್ನು ಹರಿದು ಒಲೆಗೆ ಹಾಕು. ಹೇಗೂ ಒಲೆ ತಣ್ಣಗಿದೆ ಅಂತೀಯಲ್ಲ.

ನಿಮ್ಮ ಭಾವ ಬೆಳಿಗ್ಗೆ ಹತ್ತಕ್ಕೆ ಸಬ್‌ರಿಜಿಸ್ಟ್ರಾರ್ ಆಫೀಸಿನ ಜಗಲಿಯಲ್ಲಿ ಮರದ ಪೆಟ್ಟಿಗೆ ಇಟ್ಟುಕೊಂಡು ಕೂತರೆ ಸಂಜೆಯವರೆಗೆ ಜನರ ಕ್ರಯಪತ್ರ, ಭೋಗ್ಯಪತ್ರ ಬರೆಯುತ್ತಾರೆ. ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ಮಾತು ಕಮ್ಮಿ. ಯಾಕೆ ಓದಿಸುತ್ತೀರಿ ಅಂತ ನಾನೂ ಕೇಳಿದೆ. “ಮನೆ ಹುಡುಗ ಕಣೇ, ಓದ್ಲಿ ಬಿಡು” ಅಂದರು. ಇನ್ನೇನು ಕೇಳಲಿ?

ಎರಡನೇ ಸಂಬಂಧ ಅಂತ ನಾನು ಅತ್ತದ್ದು ನಿನಗೆ ಗೊತ್ತು. ಹಿತ್ತಲಿನಲ್ಲಿ ನಿಂತು ನೀನೂ ಅತ್ತೆ, ಅದು ನನಗೂ ಗೊತ್ತು. ಆ ಅಳುವಿನಿಂದ ನೀನೊಬ್ಬ ಓದಿದವನಾದರೆ ಅಷ್ಟಾದರೂ ಲಾಭ ಅಂದುಕೊಳ್ಳುತ್ತೇನೆ. ನಾನು ಲೋಯರ್ ಸೆಕೆಂಡರಿಗೆ ನಿಲ್ಲಿಸಿದೆ. ನಮ್ಮ ಮನೆಯಲ್ಲಿ ಒಬ್ಬರಾದರೂ ಕಾಲೇಜಿನ ಮೆಟ್ಟಿಲು ಹತ್ತಲಿ.

ಮೊದಲ ಹೆಂಡತಿಯ ಮಗಳು ಕಮಲನಿಗೆ ಏಳು ವರ್ಷ. ಮೊದಲ ವಾರ ನನ್ನ ನೆರಳು ಕಂಡರೂ ಕಂಬದ ಹಿಂದೆ ಹೋಗುತ್ತಿದ್ದಳು. ಊಟ ಮಾಡಿಸುವುದೇ ಪ್ರಳಯ. ನಿಟ್ಟೂರಿನಲ್ಲಿ ನಿನಗೊಬ್ಬ ಸುಬ್ಬು ಮಾವ ಇದ್ದಾನೆ, ಪೆಪ್ಪರಮಿಂಟು ತರುತ್ತಾನೆ ಅಂತ ಹೇಳಿ ಹೇಳಿ ನಾಲ್ಕು ತುತ್ತು ಇಳಿಸುತ್ತಿದ್ದೇನೆ. ಈಗ ದಿನಾ ಬಾಗಿಲಲ್ಲಿ ನಿಂತು “ಮಾವ ಯಾವಾಗ ಬರ್ತಾನೆ?” ಅಂತ ಕೇಳುತ್ತಾಳೆ. ಬಂದಾಗ ಬರಿಗೈಯಲ್ಲಿ ಬರಬೇಡ.

ಕೌಸಲ್ಯ

*

ತುಮಕೂರು
3-2-1955

ಅಕ್ಕನಿಗೆ ನಮಸ್ಕಾರ.

ಚಿಕ್ಕಪೇಟೆಯಲ್ಲಿ ರೂಮು. ಮೂವರು ಇದ್ದೇವೆ. ಅನ್ನ ನನ್ನದು, ಸಾರು ಇನ್ನೊಬ್ಬನದು, ಮೂರನೆಯವನು ಪಾತ್ರೆ ತೊಳೆಯಬೇಕು, ತೊಳೆಯುವುದಿಲ್ಲ. ಪಾಠ ಎಲ್ಲ ಇಂಗ್ಲಿಷಿನಲ್ಲಿ. ಮೊದಲ ಮೂರು ತಿಂಗಳು ಫಿಸಿಕ್ಸ್ ಮೇಷ್ಟ್ರು ಕೆಮ್ಮಿದ್ದೊಂದೇ ನನಗೆ ಅರ್ಥವಾಗುತ್ತಿತ್ತು. ಈಗ ಪರವಾಗಿಲ್ಲ. ಬಿ.ಎಸ್ಸಿ. ಮಾಡಿ ಕಾಲೇಜಿನಲ್ಲೇ ಪಾಠ ಹೇಳಬೇಕು ಅಂತ ಆಸೆ ಹುಟ್ಟಿದೆ. ಯಾರಿಗೂ ಹೇಳಬೇಡ.

ಭಾವನವರ ಎಂ.ಓ. ತಿಂಗಳ ನಾಲ್ಕನೇ ತಾರೀಖು ತಪ್ಪುವುದಿಲ್ಲ. ಮುದ್ದಯ್ಯ ಭಾನುವಾರ ಬಂದು ತನ್ನ ಸ್ಟೈಪೆಂಡಿನಲ್ಲಿ ನನಗೆ ದೋಸೆ ಕೊಡಿಸುತ್ತಾನೆ. “ನೀನು ದೊಡ್ಡ ಆಫೀಸರ್ ಆದ್ಮೇಲೆ ನಂಗೆ ಒಳ್ಳೆ ಊರಿಗೆ ವರ್ಗ ಮಾಡ್ಸು ಕಣೋ” ಅನ್ನುತ್ತಾನೆ.

ಒಂದು ಮಾತು ಕೇಳಬೇಕು. ಸಂಕ್ರಾಂತಿಗೆ ಬಂದಾಗ ಭಾವ ನನ್ನನ್ನೂ ಕಮಲನನ್ನೂ ಅಕ್ಕಪಕ್ಕ ಮಣೆ ಹಾಕಿ ಕೂರಿಸಿ ಆರತಿ ಮಾಡಿಸಿದರಲ್ಲ, ಬೀದಿಯ ಹೆಂಗಸರೆಲ್ಲ ಯಾಕೆ ಅಷ್ಟು ನಕ್ಕರು? ಕಮಲನೂ ನಕ್ಕಳು. ಅವಳ ಮುಂದಿನ ಎರಡು ಹಲ್ಲು ಬಿದ್ದಿವೆ, ಅದನ್ನು ನೋಡಿ ನಾನೂ ನಕ್ಕೆ.

ಸುಬ್ಬು

*

ಕುಣಿಗಲ್
22-6-1956

ಸುಬ್ಬು,

ನೀನು ಇಂಟರ್‌ಮೀಡಿಯಟ್ ಪಾಸಾದ ಸುದ್ದಿ ಬಂದ ದಿನ ನಿಮ್ಮ ಭಾವ ಸಬ್‌ರಿಜಿಸ್ಟ್ರಾರ್ ಆಫೀಸಿಗೆಲ್ಲ ಪೇಡ ಹಂಚಿದರು. ಸಂಜೆ ಬಾವಿಯ ಹತ್ತಿರ ಪಕ್ಕದ ಮನೆಯಾಕೆ ಕೇಳಿದರು: “ನಿಮ್ಮ ಅಳಿಯ ಪಾಸಂತೆ? ಇನ್ನೊಂದು ಐದಾರು ವರ್ಷಕ್ಕೆ ಓಲಗ ಊದಿಸ್ಬಿಡಿ.” ಕೈಯಲ್ಲಿದ್ದ ಹಗ್ಗ ಜಾರಿತು. ಬಿಂದಿಗೆ ಇನ್ನೂ ಬಾವಿಯಲ್ಲೇ ಇದೆ.

ಊಟವಾದ ಮೇಲೆ ಕೇಳಿದೆ.

“ಸುಬ್ಬೂನ ಯಾರಿಗೆ ಅಳಿಯ ಅಂತ ಪೇಡ ಹಂಚಿದ್ರಿ?”

“ನಂಗೇ. ಕಮಲನ್ನ ಅವನಿಗಲ್ದೆ ಇನ್ಯಾರಿಗೆ ಕೊಡ್ತೀನಿ? ಅಕ್ಕನ ಮಗಳನ್ನ ಮಾಡ್ಕೊಳ್ಳೋದು ನಮ್ಮಲ್ಲಿ ಇದ್ದದ್ದೇ ಅಲ್ವೇನೆ?”

“ನಮ್ಮಪ್ಪ ಒಪ್ಪಿದಾರಾ? ಬರೆದು ಕೊಟ್ಟಿದಾರಾ?”

ನಕ್ಕರು. “ದಿನಾ ಹತ್ತು ಪತ್ರ ಬರೀತೀನಿ ನಾನು. ಬರೆದಿದ್ದನ್ನ ಕೋರ್ಟಿಗೆ ಹೋಗಿ ಮುರೀಬಹುದು. ಬಾಯಿಮಾತನ್ನ ಎಲ್ಲಿಗೆ ಹೋಗಿ ಮುರೀತಾರೆ, ಹೇಳು ನೋಡಣ?”

ಅಪ್ಪನನ್ನು ಕಾಗದದಲ್ಲಿ ಕೇಳಿದೆ. ಉತ್ತರ ಬಂತು. ನನ್ನ ಮದುವೆಯ ಮಾತಿನ ದಿನ ಇವರು “ಹುಡುಗನೂ ನಮ್ಮವನೇ ಆಗ್ತಾನೆ” ಅಂದರಂತೆ. ಅಪ್ಪ ತಲೆ ಆಡಿಸಿದರಂತೆ. ಏನು ಅರ್ಥ ಅಂತ ಕೇಳುವುದಕ್ಕೆ ಸಂಕೋಚವಾಯಿತಂತೆ. ಮಗಳನ್ನು ಬಿಟ್ಟಿಯಾಗಿ ದಾಟಿಸುತ್ತಿರುವಾಗ ಅಷ್ಟೊಂದು ಬಿಡಿಸಿ ಕೇಳುವುದು ಚೆನ್ನಾಗಿರುವುದಿಲ್ಲ ಅಂತ ಸುಮ್ಮನಾದರಂತೆ.

ನನಗೆ ಗೊತ್ತಿರಲಿಲ್ಲ ಸುಬ್ಬು. ಹಾಗಂತ ದೇವರ ಮುಂದೆ ಹೇಳು ಅಂದರೆ ಹೇಳುತ್ತೇನೋ ಇಲ್ಲವೋ ತಿಳಿಯದು. ಆ ಆರತಿ ಎತ್ತಿದವಳು ನಾನೇ ಅಲ್ಲವಾ? ನೀನು ಕೇಳಿದ್ದಕ್ಕೆ ಉತ್ತರ ಬರೆಯಲಿಲ್ಲ ಅಲ್ಲವಾ?

ನಿನ್ನ ಅಕ್ಕ

*

ಗುಬ್ಬಿ
9-7-1956

ಅಕ್ಕ,

ಬಿ.ಎಸ್ಸಿ.ಗೆ ಸೇರಲಿಲ್ಲ. ಗುಬ್ಬಿ ತಾಲ್ಲೂಕು ಕಚೇರಿಯಲ್ಲಿ ಟೆಂಪೊರರಿ ಗುಮಾಸ್ತೆ ಕೆಲಸ ಸಿಕ್ಕಿದೆ. ನಲವತ್ತೈದು ರೂಪಾಯಿ. ಅದರಲ್ಲಿ ಇಪ್ಪತ್ತು ಪ್ರತಿ ತಿಂಗಳೂ ಭಾವನವರಿಗೆ ಕಳಿಸುತ್ತೇನೆ. ಎರಡೂವರೆ ವರ್ಷದಲ್ಲಿ ಋಣ ತೊಳೆದುಕೊಳ್ಳುತ್ತೇನೆ.

ಕಮಲನನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿಗಲ್ ಕೆರೆ ಏರಿಯ ಮೇಲೆ ಓಡಿದ್ದೇನೆ. ನನ್ನ ಕೂದಲು ಹಿಡಿದುಕೊಂಡು “ಹೈ ಹೈ” ಅನ್ನುತ್ತಿದ್ದಳು. ಆ ಮಗುವಿಗೆ ಒಂಬತ್ತು ವರ್ಷಕ್ಕೇ ಗಂಡನನ್ನು ಕೊಂಡಿಟ್ಟಿದ್ದಾರೆ, ಆ ಗಂಡ ನಾನು. ಪಾಸಾದದ್ದು ನಾನು ಅಂದುಕೊಂಡಿದ್ದೆ. ಸಂತೆಯಲ್ಲಿ ಕೊಂಡ ಕರುವಿಗೆ ಹಲ್ಲು ಬಂದರೆ ಕೊಂಡವನು ತಾನೇ ಹಿಗ್ಗುವುದು.

ನೀನು ಕ್ಷಮೆ ಕೇಳಬೇಡ. ನನಗೆ ಕೋಪ ಬರುತ್ತದೆ.

ಸುಬ್ಬು

*

ಕುಣಿಗಲ್
16-8-1956

ಚಿ. ಸುಬ್ಬಕೃಷ್ಣನಿಗೆ ಶ್ರೀಕಂಠಯ್ಯನು ತಿಳಿಸುವುದೇನೆಂದರೆ,

ನಿನ್ನ ಎಂ.ಓ. ಬಂತು. ಸಹಿ ಹಾಕದೆ ವಾಪಸು ಮಾಡಿದ್ದೇನೆ.

ಸಾಲವೆಂದು ಕೊಟ್ಟಿದ್ದರೆ ಬಡ್ಡಿ ಎಷ್ಟು, ವಾಯಿದೆ ಎಂದಿಗೆ, ಸಾಕ್ಷಿಗಳು ಯಾರು ಎಂದು ಬರೆಸಿಕೊಳ್ಳುತ್ತಿದ್ದೆ. ಅದು ನನ್ನ ಕಸುಬು. ನಾನು ಕೊಟ್ಟದ್ದು ಸಾಲವಲ್ಲ. ಆದ್ದರಿಂದ ಅದನ್ನು ತೀರಿಸಲು ನಿನಗೆ ಬರುವುದಿಲ್ಲ.

ನನ್ನ ಸಂಪಾದನೆ ಏನು ಎಂಬುದು ನಿನಗೆ ತಿಳಿದೇ ಇದೆ. ಕಮಲನ ತಾಯಿ ಸಾಯುವಾಗ ಮಗಳಿಗೆಂದು ಒಂದು ಜೊತೆ ಬಳೆ, ಒಂದು ಎರಡೆಳೆ ಸರ ಬಿಟ್ಟುಹೋಗಿದ್ದಳು. ಅದನ್ನು ಮಾರಿ ನಿನಗೆ ಕಳಿಸಿದೆ. ಮಗಳ ಪಾಲನ್ನು ಮಗಳ ಗಂಡನಿಗೆ ಹಾಕಿದ್ದೇನೆ, ಬೇರೆಯವರಿಗಲ್ಲ ಎಂದು ನಂಬಿ ಹಾಕಿದ್ದೇನೆ. ಕೊಟ್ಟವನು ಕೋಡಂಗಿ, ಈಸಿಕೊಂಡವನು ಈರಭದ್ರ ಎಂದು ಜನ ಆಡಿಕೊಳ್ಳುವುದು ನನಗೆ ಬೇಕಾಗಿಲ್ಲ.

ನೀನು ಓದು ಬಿಟ್ಟದ್ದು ನಿನ್ನ ನಷ್ಟ. ಮಾತು ಹಾಗೇ ಇದೆ. ನೀನು ತೀರ್ಮಾನಕ್ಕೆ ಬರುವವರೆಗೆ ನಿನ್ನ ಅಕ್ಕ ನಿಟ್ಟೂರಿಗೆ ಬರುವುದಾಗಲಿ, ಕಾಗದ ಬರೆಯುವುದಾಗಲಿ ಇರುವುದಿಲ್ಲ.

ಶ್ರೀಕಂಠಯ್ಯ

*

ಕುಣಿಗಲ್
14-11-1959

ಸುಬ್ಬು,

ಮೂರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಅವರಿಗೆ ತಿಳಿಯದ ಹಾಗೆ ಕಮಲ ಸ್ಕೂಲಿಗೆ ಹೋಗುವಾಗ ಟಪಾಲು ಡಬ್ಬಕ್ಕೆ ಹಾಕುತ್ತಾಳೆ.

ಅಪ್ಪನ ವೈಕುಂಠ ಸಮಾರಾಧನೆಗೆ ಒಂದು ಹೊತ್ತಿನ ಮಟ್ಟಿಗೆ ಕರೆದುಕೊಂಡು ಬಂದರು. ನಿನ್ನ ಹತ್ತಿರ ಬಂದು ಒಂದು ಮಾತಾಡಲು ಆಗಲಿಲ್ಲ. ನೀನು ಬಡಿಸುತ್ತಿದ್ದೆ, ಅವರು ನಡುಮನೆ ಬಾಗಿಲಲ್ಲೇ ನಿಂತಿದ್ದರು. ನನ್ನ ಎಲೆಗೆ ಪಾಯಸ ಎರಡು ಸಲ ಬಡಿಸಿದೆ. ಅಷ್ಟೇ ನಮ್ಮ ಮಾತು. ಎಷ್ಟು ಬಡವಾಗಿದ್ದೀಯ! ಇಪ್ಪತ್ತೊಂದು ವರ್ಷದವನ ಹಾಗೆ ಕಾಣುವುದಿಲ್ಲ.

ಮುದ್ದಯ್ಯ ಸೈಕಲ್ ಮೇಲೆ ಬಂದಿದ್ದನಲ್ಲ. ಚೇಳೂರಿನಲ್ಲಿ ಮೇಷ್ಟ್ರು, ಮದುವೆ ಆಗಿದೆ, ಮಗು ಆಗಿದೆ ಅಂದ. ಅವನನ್ನು ನೋಡಿ ಸಂತೋಷ ಪಡಬೇಕಿತ್ತು. ಪಡಲಾಗಲಿಲ್ಲ. ಆರ್ಡರನ್ನು ಒಲೆಗೆ ಹಾಕು ಅಂತ ಬರೆದ ಕೈ ಇದೇ.

ಇಲ್ಲಿ ಹೊಡೆತ ಬಡಿತ ಏನೂ ಇಲ್ಲ, ತಪ್ಪು ತಿಳಿಯಬೇಡ. ಅವರು ನನ್ನ ಜೊತೆ ಮಾತಾಡುವುದಿಲ್ಲ, ಅಷ್ಟೇ. ಎದುರಿಗೇ ನಿಂತಿರುತ್ತೇನೆ. “ಕಮಲ, ನಿಮ್ಮಮ್ಮಂಗೆ ಮಜ್ಜಿಗೆ ಹಾಕಕ್ಕೆ ಹೇಳು” ಅನ್ನುತ್ತಾರೆ. ಮಗು ನನ್ನ ಮುಖ ನೋಡಿ “ಅಮ್ಮ, ಮಜ್ಜಿಗೆ” ಅನ್ನುತ್ತದೆ. ಮೂರು ವರ್ಷದಿಂದ ಹೀಗೆ. ಎರಡು ಸಲ ಬಸುರಾಗಿ ಇಳಿದುಹೋಯಿತು, ಆಗಲೂ ಹೀಗೇ. ಕಮಲನಿಗೆ ಈ ದಲ್ಲಾಳಿ ಕೆಲಸ ಎಷ್ಟು ರೂಢಿಯಾಗಿದೆ ಅಂದರೆ, ಅವರು ಬಾಯಿ ತೆರೆಯುವ ಮುಂಚೆಯೇ ಹೇಳಿಬಿಡುತ್ತಾಳೆ.

ಒಂದು ಮಾತು ಬರೆಯಬಾರದು, ಬರೆಯುತ್ತೇನೆ. ನೀನು ಹೂಂ ಅಂದಿದ್ದರೆ ಚೆನ್ನಾಗಿತ್ತು ಅಂತ ಒಂದೊಂದು ದಿನ ಅನ್ನಿಸುತ್ತದೆ. ಮಾರನೇ ದಿನ ಅವಳು ಸ್ಲೇಟು ಹಿಡಿದುಕೊಂಡು ಬಂದು ಲೆಕ್ಕ ತೋರಿಸುತ್ತಾಳೆ. ಆಗ ನನಗೇ ನಾಚಿಕೆಯಾಗುತ್ತದೆ.

ಅಕ್ಕ

*

ಗುಬ್ಬಿ
8-1-1961

ಅಕ್ಕನಿಗೆ,

ನಿನ್ನ ಕಾಗದಕ್ಕೆ ಹದಿಮೂರು ತಿಂಗಳ ಮೇಲೆ ಉತ್ತರ. ಬರೆಯುವಂಥದ್ದು ಏನಾದರೂ ಆಗಲಿ ಅಂತ ಕಾಯುತ್ತಿದ್ದೆ. ಆಗಲಿಲ್ಲ.

ಕಚೇರಿಯ ಟೆಂಪೊರರಿ ಕೆಲಸ ಟೆಂಪೊರರಿಯಾಗಿಯೇ ಮುಗಿಯಿತು. ಪರ್ಮನೆಂಟ್ ಆದವರೆಲ್ಲ ಡಿಗ್ರಿಯವರು. ಈಗ ಗುಂಡಯ್ಯನವರ ಕೊಬ್ಬರಿ ಮಂಡಿಯಲ್ಲಿ ಬರೆಯುತ್ತೇನೆ. ಒಳ್ಳೆಯ ಮನುಷ್ಯ. ಮೊನ್ನೆ ಹಳೆಯದೆಲ್ಲ ಹೇಳಿದೆ. ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದು, “ಅಯ್ಯೋ ಸುಬ್ಬಣ್ಣ, ನಿಮ್ಮಪ್ಪ ನನ್ನತ್ರ ಬಂದಿದ್ರೆ ಮನೆ ಒಂದು ಹೋಗ್ತಿತ್ತು ಕಣಪ್ಪ. ಅಷ್ಟೇ ತಾನೆ?” ಅಂದರು. ಆ ದಿನವೆಲ್ಲ ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಆಗ ಬಡ್ಡಿಯ ಸಾಲಕ್ಕೆ ಹೆದರಿದೆವು, ಬಡ್ಡಿಯಿಲ್ಲದ್ದಕ್ಕೆ ಹೆದರಲಿಲ್ಲ. ಮನೆ ಹೇಗೂ ಸೋರಿ ಬಿದ್ದಿದೆ.

ನನಗೆ ಹೆಣ್ಣು ಕೊಡಲು ಯಾರೂ ಬರುವುದಿಲ್ಲ. ಬಂದ ಒಬ್ಬರೂ “ನಿಮ್ದು ಕುಣಿಗಲ್ಲಲ್ಲಿ ನಿಶ್ಚಯ ಆಗಿದ್ಯಂತಲ್ಲ” ಅಂತ ಕಾಫಿ ಕುಡಿದು ಎದ್ದರು. ಹಾಗಾದರೆ ಕಮಲನಿಗೂ ಮುಂದೆ ಇದೇ ಗತಿ. ಬಾಗಿಲಿನವರೆಗೆ ಬಂದವರು ಕೊಂಡ ಮಾಲು ಅಂತ ತಿರುಗಿ ಹೋಗುತ್ತಾರೆ. ನಾನು ಬೇಡ ಅಂದದ್ದರಿಂದ ಅವಳು ಬಿಡುಗಡೆಯಾದಳು ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಎಂಥ ಪೆದ್ದ ನಾನು!

ಸುಬ್ಬು

*

ಕುಣಿಗಲ್
16-6-1963

ಸುಬ್ಬುವಿಗೆ ಆಶೀರ್ವಾದ.

ಕಮಲ ಎಸ್.ಎಸ್.ಎಲ್.ಸಿ. ಪಾಸು. ಫಸ್ಟ್ ಕ್ಲಾಸು. ಕುಣಿಗಲ್ಲಿನ ಹುಡುಗಿಯರಲ್ಲೆಲ್ಲ ಮೊದಲನೆಯವಳು. ಹೆಡ್‌ಮಾಸ್ಟರು ಮನೆಗೇ ಬಂದು “ಈ ಮಗೂನ ನಿಲ್ಲಿಸ್ಬೇಡಿ ಸ್ವಾಮಿ” ಅಂತ ಹೇಳಿ ಹೋದರು.

ಅವರು ಹೋದ ಮೇಲೆ ಮಗಳೇ ಬಾಯಿಬಿಟ್ಟು ಕೇಳಿದಳು. “ಅಪ್ಪ, ತುಮಕೂರಲ್ಲಿ ಕಾಲೇಜಿಗೆ ಸೇರ್ತೀನಿ.”

“ನಿನ್ನ ಓದಿನ ದುಡ್ಡು ಆಗ್ಲೇ ಖರ್ಚಾಗಿದೆ ಮಗಳೇ. ನಿಮ್ಮ ಮಾವ ಓದಿದಾನೆ.”

ಅಷ್ಟು ಹೇಳಿ ಕೋಟು ಹಾಕಿಕೊಂಡು ಆಫೀಸಿಗೆ ಹೋದರು. ಅವರು ಸುಳ್ಳು ಹೇಳಲಿಲ್ಲ ಸುಬ್ಬು. ಅದೇ ನನಗೆ ತಡೆಯಲಾಗದ್ದು. ಅವರ ಕೈಯಲ್ಲೂ ಈಗ ಏನೂ ಉಳಿದಿಲ್ಲ, ಕೈ ನಡುಗುತ್ತದೆ, ಪತ್ರ ಬರೆಸುವವರು ಬೇರೆಯವರ ಹತ್ತಿರ ಹೋಗುತ್ತಾರೆ.

ನನ್ನ ಸ್ವಂತಕ್ಕೆ ಅಂತ ಇದುವರೆಗೆ ನಿನ್ನನ್ನು ಏನೂ ಕೇಳಿಲ್ಲ. ಮೊದಲ ವರ್ಷದ ಫೀಜು ನೀನು ಕಟ್ಟಬಲ್ಲೆಯಾ? ಮದುವೆಯ ಮಾತಲ್ಲ ಇದು. ಬರೀ ಫೀಜು.

ಕೌಸಲ್ಯ

*

ಗುಬ್ಬಿ
26-6-1963

ಅಕ್ಕ,

ನಾಲ್ಕು ದಿನ ಓಡಾಡಿದೆ. ನನ್ನ ಹತ್ತಿರ ಇರುವುದು ಎಪ್ಪತ್ತೆರಡು ರೂಪಾಯಿ. ಫೀಜು, ಹಾಸ್ಟೆಲು ಸೇರಿ ಅದರ ಆರರಷ್ಟು ಬೇಕು, ಅದೂ ಮೊದಲ ವರ್ಷಕ್ಕೆ. ಗುಂಡಯ್ಯನವರು ಹೋದ ವರ್ಷ ತೀರಿಕೊಂಡ ಮೇಲೆ ಮಂಡಿ ಅವರ ಮಕ್ಕಳ ಕೈಯಲ್ಲಿದೆ. ಅವರು ಮುಂಗಡ ಕೊಡುವುದಿಲ್ಲ. ಸೊಸೈಟಿಯಲ್ಲಿ ಇಬ್ಬರು ಜಾಮೀನು ಬೇಕು ಅಂದರು. ಮುದ್ದಯ್ಯ ಒಬ್ಬ ಸಹಿ ಹಾಕಿದ. ಇನ್ನೊಬ್ಬರು ಸಿಗಲಿಲ್ಲ. ಮಂಡಿ ಗುಮಾಸ್ತೆಗೆ ಯಾರು ಜಾಮೀನು ನಿಲ್ಲುತ್ತಾರೆ?

ಕಾಲೇಜು ಆಗದಿದ್ದರೆ ಕಮಲನನ್ನು ಮೇಷ್ಟ್ರ ಟ್ರೈನಿಂಗಿಗಾದರೂ ಹಾಕು. ಸ್ಟೈಪೆಂಡು ಬರುತ್ತದೆ, ಯಾರ ಹಂಗೂ ಇಲ್ಲ. ಮದುವೆಯಾಗದ ಹುಡುಗಿಯನ್ನು ಊರು ಬಿಟ್ಟು ಕಳಿಸುವುದಿಲ್ಲ ಅಂತ ಭಾವ ಅನ್ನುತ್ತಾರೆ, ಗೊತ್ತು. ಆದರೂ ಕೇಳು.

ಆಗುವುದೇ ಇಲ್ಲ ಅಂದರೆ, ನಾನು ಹೂಂ ಅಂದುಬಿಡಬೇಕಾ ಅಕ್ಕ? ಭಾವ ನಿನ್ನ ಜೊತೆ ಮಾತಾದರೂ ಆಡಿಯಾರು. ನನಗೆ ಯಾವುದು ಸರಿ ಅಂತ ತಿಳಿಯುವುದು ನಿಂತುಹೋಗಿದೆ. ಹೂಂ ಅಂದರೆ ಅವಳಿಗೆ ದ್ರೋಹ, ಊಹೂಂ ಅಂದರೂ ಅವಳಿಗೇ. ಅವಳನ್ನು ಯಾರಾದರೂ ಒಂದು ಮಾತು ಕೇಳಿದ್ದೀರಾ?

ಸುಬ್ಬು

*

ಕುಣಿಗಲ್
5-7-1963

ಸುಬ್ಬು ಮಾವನವರಿಗೆ ಕಮಲ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದವನ್ನು ಅಮ್ಮ ಓದಿ ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಅವಳನ್ನು ಯಾರಾದರೂ ಕೇಳಿದ್ದೀರಾ ಎಂದು ಬರೆದಿದ್ದೀರಿ. ಯಾರೂ ಕೇಳಿಲ್ಲ. ನೀವೂ ಅಮ್ಮನನ್ನೇ ಕೇಳಿದ್ದೀರಿ. ಅದಕ್ಕೆ ನಾನೇ ಬರೆಯುತ್ತಿದ್ದೇನೆ. ತಪ್ಪಾಗಿದ್ದರೆ ಮನ್ನಿಸಿ.

ಟ್ರೈನಿಂಗ್ ವಿಷಯ ಕೇಳಿದೆ. ಅಪ್ಪ ಆಗುವುದಿಲ್ಲ ಎಂದರು. ಹೊಲಿಗೆ ಕಲಿಯುತ್ತೇನೆ ಎಂದೆ. ಮಿಷನ್ ಯಾರು ಕೊಡಿಸುತ್ತಾರೆ ಎಂದರು. ಎರಡು ದಿನ ಯೋಚನೆ ಮಾಡಿದೆ. ನನ್ನ ಹೆತ್ತಮ್ಮನ ಬಳೆ, ಸರ ನಾನು ನೋಡಿಲ್ಲ. ಅದರಿಂದ ನೀವು ಓದಿದಿರಿ, ಆ ಓದು ನಿಮಗೂ ಉಪಯೋಗಕ್ಕೆ ಬರಲಿಲ್ಲ. ಅದು ಪೂರ್ತಿ ನೀರುಪಾಲಾಗುವುದು ಬೇಡ ಅನ್ನಿಸಿತು. ನಿನ್ನೆ ಬೆಳಿಗ್ಗೆ ಅಪ್ಪನ ಹತ್ತಿರ ಹೋಗಿ ಒಪ್ಪಿದ್ದೇನೆ ಎಂದೆ.

ಅಪ್ಪ ಕೈಯಲ್ಲಿದ್ದ ಲೇಖನಿ ಕೆಳಗಿಟ್ಟರು. ಆಮೇಲೆ ಅಡಿಗೆಮನೆಯ ಕಡೆ ತಿರುಗಿ “ಕೌಸಲ್ಯಾ, ಪಂಚಾಂಗ ತಗೊಂಬಾ” ಎಂದು ಕರೆದರು. ಏಳು ವರ್ಷದಿಂದ ಅಪ್ಪ ಅಮ್ಮನನ್ನು ಹೀಗೆ ಕೂಗಿದ್ದನ್ನು ಕೇಳಿರಲಿಲ್ಲ. ಅಮ್ಮ ಪಂಚಾಂಗ ಕೊಟ್ಟು ಕಂಬ ಹಿಡಿದುಕೊಂಡು ಅತ್ತರು. ನಾನು ಅಳಲಿಲ್ಲ. ಶ್ರಾವಣದಲ್ಲಿ ದಿನ ನೋಡಿದ್ದಾರೆ. ನೀವು ಬೇಡ ಎನ್ನಬೇಡಿ, ಎಂದರೆ ಅಮ್ಮ ಮತ್ತೆ ಮೂಕಿಯಾಗುತ್ತಾರೆ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಮದುವೆಯಾದ ಮೇಲೆ ಓದಿಸಿ ಎಂದು ಕೇಳುವುದೂ ಇಲ್ಲ. ನಿಮ್ಮ ಕೈಲಿ ಆಗುವುದಿಲ್ಲ ಎಂದು ಕಾಗದದಲ್ಲಿಯೇ ಇದೆ.

ಗಣಿತದಲ್ಲಿ ನನಗೆ ತೊಂಬತ್ತಾರು ಬಂದಿದೆ. ಅಮ್ಮ ನಿಮಗೆ ಬರೆದರೋ ಇಲ್ಲವೋ ಗೊತ್ತಿಲ್ಲ. ಇನ್ನು ಮುಂದೆ ಯಾರೂ ಕೇಳುವುದಿಲ್ಲ, ಅದಕ್ಕೆ ತಿಳಿಸಿದ್ದೇನೆ.

ಇತಿ,
ಎಸ್. ಕಮಲ